ಇಲ್ಲದ ದಾರಿಗೆ ಐದು ಸಾಕ್ಷಿ

ಹೋದ ತಿಂಗಳು ಐದು ಜನ ನನ್ನ ಮನೆಗೆ ಬಂದು, ಕಾಫಿ ಕುಡಿದು, ನನಗೋಸ್ಕರ ಒಂದು ಸುಳ್ಳು ಹೇಳಿ ಹೋದರು. ಸುಮ್ಮನೆ ಬಾಯಿಮಾತಿನ ಸುಳ್ಳಲ್ಲ. ಸರ್ಕಾರಿ ಕಾಗದದ ಮೇಲೆ, ಸೀಲಿನ ಪಕ್ಕದಲ್ಲಿ. ಇಬ್ಬರು ಸಹಿ ಹಾಕಿದರು, ಮೂವರು ಹೆಬ್ಬೆಟ್ಟು ಒತ್ತಿದರು.

ಆವತ್ತಿನಿಂದ ಅವರ್ಯಾರೂ ನನ್ನ ಮನೆ ಕಡೆ ತಲೆ ಹಾಕಿಲ್ಲ.

ಜಗಳ ಆಯಿತಾ ಅಂತ ಕೇಳ್ತೀರಿ. ಇಲ್ಲ. ಜಗಳ ಆಗಿದ್ದರೆ ಎಷ್ಟೋ ವಾಸಿ ಇತ್ತು, ರಾಜಿ ಮಾಡಿಕೊಳ್ಳಬಹುದಿತ್ತು.

ಪ್ರತಿ ವಾರ ಓದುವವರಿಗೆ ನನ್ನ ಪುರಾಣ ಗೊತ್ತೇ ಇದೆ. ಹೊಸಬರಿಗೆ ಎರಡು ಮಾತು. ನಮ್ಮ ಯಜಮಾನರು ಕೆಜಿಎಫ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಉರಿಗಾಂ ಕ್ವಾರ್ಟರ್ಸ್‌ನಲ್ಲಿ ನಮ್ಮ ಸಂಸಾರ. ಅಲ್ಲಿ ಎರಡು ಮನೆಗೆ ಒಂದೇ ಗೋಡೆ. ಪಕ್ಕದ ಮನೆಯ ತಮಿಳು ಅಮ್ಮ ಒಗ್ಗರಣೆ ಹಾಕಿದರೆ ನಾನು ಸೀನುತ್ತಿದ್ದೆ. ನಾನು ಸೀನಿದರೆ ಅವರು ಗೋಡೆಯಾಚೆಯಿಂದಲೇ ಮಾತಾಡಿಸುತ್ತಿದ್ದರು. ಅವರು ತೀರಿಹೋದ ಮೇಲೆ (ಯಜಮಾನರು ಅಂದೆ, ತಮಿಳು ಅಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾರೆ) ಕ್ವಾರ್ಟರ್ಸ್ ಖಾಲಿ ಮಾಡಬೇಕಾಯಿತು. ಬಂಗಾರಪೇಟೆಯ ಅಂಚಿನಲ್ಲಿ, ರೈಲ್ವೆ ಸ್ಟೇಷನ್‌ಗೆ ನಡೆದು ಹೋಗುವಷ್ಟು ದೂರದಲ್ಲಿ, ಅವರು ಯಾವತ್ತೋ ಕೊಂಡಿಟ್ಟಿದ್ದ ಸೈಟಿನಲ್ಲಿ ಎರಡು ರೂಮಿನ ಮನೆ ಕಟ್ಟಿಸಿಕೊಂಡೆ. ಲೇಔಟ್ ಅಂತ ಹೆಸರು. ಉಳಿದ ಸೈಟುಗಳಲ್ಲಿ ಲಂಟಾನ ಬಿಟ್ಟರೆ ಇನ್ಯಾರೂ ವಾಸಕ್ಕೆ ಬಂದಿಲ್ಲ.

ನನ್ನ ಸೈಟಿನ ನಡುವೆ ಒಂದು ಕಾಲುದಾರಿ ಇತ್ತು. ಲೇಔಟ್ ಹಿಂದಿರುವ ಹಳ್ಳಿಯವರು ಬೆಳಗಿನ ಕೆಜಿಎಫ್ ರೈಲು ಹಿಡಿಯಲು ಬರುವ ಒಳದಾರಿ. ಹಾಲಿನ ಕ್ಯಾನಿನವರು, ಸೊಪ್ಪಿನ ಬುಟ್ಟಿಯವರು, ಕೂಲಿಗೆ ಹೋಗುವವರು, ಎಲ್ಲರೂ ನನ್ನ ಅಡುಗೆಮನೆ ಕಿಟಕಿಯ ಕೆಳಗೇ ಹಾದು ಹೋಗುತ್ತಿದ್ದರು. ನಾನು ಬರುವುದಕ್ಕೆ ಎಷ್ಟೋ ಮೊದಲಿನಿಂದ ಅವರು ನಡೆದ ದಾರಿ ಅದು. ಮನೆ ಅಡ್ಡ ಬಂತು ಅಂತ ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಒಂದಿಷ್ಟು ಪಕ್ಕಕ್ಕೆ ಸರಿದು ನಡೆದರು, ಅಷ್ಟೇ.

ಬೇಸರ ಮಾಡಿಕೊಂಡವಳು ನಾನು. ಕನಕಾಂಬರದ ಪಾತಿ ತುಳಿದರು. ಯಾರದೋ ಕರು ದಾಸವಾಳದ ಗಿಡ ಮೇಯ್ದು ಹೋಯಿತು. ತೊಳೆದ ಜಗಲಿಯ ಮೇಲೆ ಕ್ಯಾನ್ ಇಟ್ಟು ಬೀಡಿ ಹಚ್ಚಿದರು. ಕೋಲಾರದಲ್ಲಿರುವ ನಮ್ಮಣ್ಣ ಬಂದವನು ಇದನ್ನೆಲ್ಲ ನೋಡಿ, ಒಂಟಿ ಹೆಂಗಸಿನ ಮನೆ ಬಸ್ ಸ್ಟ್ಯಾಂಡ್ ಆಗಿದೆ, ಮೊದಲು ಬೇಲಿ ಹಾಕಿಸು ಅಂದ. ನನಗೂ ಸರಿ ಅನ್ನಿಸಿತು. (ಅವನು ಸಂಜೆ ಬಸ್ಸಿಗೆ ಹೊರಟುಹೋದ. ಸಲಹೆ ಕೊಡುವವರಿಗೆ ವಾಪಸ್ ಹೋಗಲು ಯಾವಾಗಲೂ ಒಂದು ಬಸ್ಸಿರುತ್ತೆ.)

ಬೇಲಿಗೆ ನೆಡುವ ಕಲ್ಲುಕೂಚಗಳು ಬಂದು ಅಂಗಳದಲ್ಲಿ ಮಲಗಿದವು. ಮುಳ್ಳುತಂತಿಯ ಸುರುಳಿ ಬಂತು. ಆಮೇಲೆ ಯಾರೋ ಹೇಳಿದರು, ಬೇಲಿಗೂ ಪರ್ಮಿಷನ್ ಬೇಕು ಅಂತ. ನನ್ನ ಜಾಗ, ನನ್ನ ಕಲ್ಲು, ನನ್ನ ತಂತಿ. ಪರ್ಮಿಷನ್ ಮಾತ್ರ ಆಫೀಸಿನದು. (ಯಾವ ಆಫೀಸು ಅಂತ ಕೇಳಬೇಡಿ. ನಾಳೆ ನನಗೆ ನಲ್ಲಿ ಕನೆಕ್ಷನ್ನೂ ಬೇಕು.)

ಅಲ್ಲಿನ ಗುಮಾಸ್ತರು ಒಳ್ಳೆಯವರೇ. ಕೂರಿಸಿ ಮಾತಾಡಿದರು. ಸೈಟಿನಲ್ಲಿ ಜನ ಓಡಾಡುವ ದಾರಿ ಇದ್ದರೆ ಬೇಲಿ ಹಾಕುವ ಹಾಗಿಲ್ಲವಂತೆ. ದಾರಿ ಇಲ್ಲ ಅಂತ ಮಹಜರ್ ಆಗಬೇಕಂತೆ. ಅಕ್ಕಪಕ್ಕದ ಐದು ಜನ ಪಂಚರಾಗಿ ಬಂದು, ಜಾಗ ನೋಡಿ, ಸಹಿ ಹಾಕಬೇಕಂತೆ.

ಅಕ್ಕಪಕ್ಕದವರು ಅಂದರೆ ಯಾರು? ನನ್ನ ಅಕ್ಕಪಕ್ಕ ಲಂಟಾನ. ಮನುಷ್ಯರು ಅಂತ ಇರುವವರು ಆ ದಾರಿಯಲ್ಲಿ ನಡೆಯುವವರೇ. ನೀವು ಇಲ್ಲಿ ನಡೆಯುವುದೇ ಇಲ್ಲ ಅಂತ ಬರೆದುಕೊಡಿ ಎಂದು, ಅಲ್ಲೇ ನಡೆದು ಹೋಗುತ್ತಿದ್ದವರನ್ನು ನಿಲ್ಲಿಸಿ ಕೇಳುವುದು ಸುಲಭವಾ? ನಾಚಿಕೆ ಬಿಟ್ಟು ಕೇಳಿದೆ.

ಅವರಿಗೆ ಅದೇನೂ ಕಷ್ಟ ಅನ್ನಿಸಲಿಲ್ಲ. "ಅದಕ್ಕೇನಕ್ಕ, ಬತ್ತೀವಿ ಬುಡು" ಅಂದಳು ಸೊಪ್ಪಿನ ವೆಂಕಟಮ್ಮ, ತಲೆ ಮೇಲಿನ ಬುಟ್ಟಿ ಕೂಡ ಇಳಿಸದೆ. ಉರಿಗಾಂ ಲೈನುಗಳಲ್ಲಿ ಸೊಪ್ಪು ಮಾರುವ ಇವಳು ನನಗೆ ಕ್ವಾರ್ಟರ್ಸ್ ಕಾಲದಿಂದಲೂ ಪರಿಚಯ. ಮಹಜರ್ ದಿನ ಆಫೀಸಿನವರಿಗಿಂತ ಮೊದಲೇ ಐವರೂ ಹಾಜರ್. ಯಾವ ದಾರಿಯಲ್ಲಿ ಬಂದರು ಅಂತ ಬೇರೆ ಹೇಳಬೇಕಾ? ಸದರಿ ಸ್ವತ್ತಿನಲ್ಲಿ ಸಾರ್ವಜನಿಕರು ಓಡಾಡುವ ಯಾವುದೇ ದಾರಿ ಇರುವುದಿಲ್ಲ ಅಂತ ಸಾಹೇಬರು ಗಟ್ಟಿಯಾಗಿ ಓದಿದರು. ಹೌದೇನ್ರಪ್ಪ ಅಂತ ಕೇಳಿದರು. ಹಾಲಿನ ಚಿನ್ನಪ್ಪ ಆ ದಾರಿಯ ಮೇಲೇ ನಿಂತುಕೊಂಡು, "ಇಲ್ಲೆಲ್ಲೈತೆ ಸಾಮಿ ದಾರಿ?" ಅಂದ. ನಾನು ನಗು ತಡೆಯಲಾಗದೆ ಕಾಫಿ ಲೋಟ ತರುವ ನೆಪದಲ್ಲಿ ಒಳಗೆ ಹೋದೆ.

ಮಾರನೆಯ ಬೆಳಿಗ್ಗೆ ಯಾರೂ ಬರಲಿಲ್ಲ.

ಏನೋ ಹಬ್ಬ ಇರಬೇಕು ಅಂದುಕೊಂಡು ಕ್ಯಾಲೆಂಡರ್ ನೋಡಿದೆ. ಇರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಹಳ್ಳಿಯಲ್ಲಿ ಸಾವಾಗಿರಬೇಕು ಅಂದುಕೊಂಡೆ. ಕೊನೆಗೊಂದು ಬೆಳಿಗ್ಗೆ ದೂರದ ಕೆರೆ ಏರಿ ಕಡೆಯಿಂದ ಕ್ಯಾನುಗಳ ಸದ್ದು ಕೇಳಿಸಿತು. ಅಷ್ಟು ದೂರ ಸುತ್ತಿಕೊಂಡು ಸ್ಟೇಷನ್‌ಗೆ ಹೋಗುತ್ತಿದ್ದಾರೆ! ಪರ್ಮಿಷನ್ ಇನ್ನೂ ಕೈಗೆ ಬಂದಿಲ್ಲ, ಒಂದು ಕಲ್ಲೂ ನೆಟ್ಟಿಲ್ಲ.

ಆವತ್ತು ನನ್ನ ಬಾಯಿಂದ ಮೊದಲ ಮಾತು ಹೊರಟಿದ್ದು ಮಧ್ಯಾಹ್ನ. ಅದೂ ಮೊರದ ಅಕ್ಕಿಗೆ ಬಾಯಿ ಹಾಕಿದ ಕಾಗೆಯನ್ನು ಬೈಯಲಿಕ್ಕೆ. ಯಾರೋ ಬೇರೆಯವರು ಬೈದ ಹಾಗೆ ಕೇಳಿಸಿತು.

ಇಷ್ಟು ದಿನ ಬೆಳಗಾಗುತ್ತಲೇ ಕಿಟಕಿ ಹೊರಗಿನಿಂದ "ಕಾಪಿ ಆಯ್ತಾ ಅಕ್ಕಾ?" ಅಂತ ಕೇಳುತ್ತಿದ್ದರು. ನಾನು ಒಳಗಿನಿಂದ, ಆಯ್ತು, ನಿಮ್ಮದು? ಅನ್ನುತ್ತಿದ್ದೆ. (ಎಷ್ಟೋ ದಿನ ಆಗಿರುತ್ತಿರಲಿಲ್ಲ. ಒಬ್ಬಳಿಗೋಸ್ಕರ ಸ್ಟೌವ್ ಹಚ್ಚಲು ಬೇಜಾರು. ಕೇಳಿದ ಮೇಲೆ ಎದ್ದು ಮಾಡಿಕೊಳ್ಳುತ್ತಿದ್ದೆ.) ಸಂಜೆ ರೈಲಿಳಿದು ಬರುವಾಗ ವೆಂಕಟಮ್ಮ ಉರಿಗಾಂ ಸುದ್ದಿ ತರುತ್ತಿದ್ದಳು. ನಮ್ಮ ಮನೆಗೆ ಈಗ ಯಾರು ಬಂದಿದ್ದಾರೆ, ತಮಿಳು ಅಮ್ಮನ ಮಂಡಿನೋವು ಹೇಗಿದೆ. ನನ್ನ ಇಡೀ ದಿನದ ಮಾತುಕತೆ ಅಂದರೆ ಅಷ್ಟೇ ಇತ್ತು. ಅದನ್ನೇ ನಾನು ಕಾಟ ಅಂದುಕೊಂಡಿದ್ದೆ. ಹೇಳಿಕೊಳ್ಳಲು ಸಂಕೋಚ ಯಾಕೆ, ಆವತ್ತು ಮೊರ ಪಕ್ಕಕ್ಕಿಟ್ಟು ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ ಕೆರೆ ಏರಿ ಮೇಲೆ ಹೋಗಿ ನಿಂತೆ. ವೆಂಕಟಮ್ಮ ಬುಟ್ಟಿ ಹೊತ್ತುಕೊಂಡು ಬಿರಬಿರನೆ ಬಂದಳು. ಯಾಕಿಷ್ಟು ಸುತ್ತು, ಬೇಲಿ ಹಾಕುವವರೆಗಾದರೂ ಅಲ್ಲೇ ಬನ್ನಿ ಅಂದೆ. ಅವಳು ನನ್ನನ್ನೇ ನೋಡಿದಳು.

"ದಾರಿ ಇಲ್ಲಾಂತ ಎಬ್ಬೆಟ್ಟು ಒತ್ತಿದ್ದೀನಲ್ಲಕ್ಕ. ಒತ್ತಿ ಮತ್ತೆ ಅದ್ರಾಗೇ ನಡುದ್ರೆ ನನ್ ಮಾತು ಸುಳ್ಳಾಗಲ್ವಾ? ನಿಂಗೂ ಕೆಟ್ಟೆಸ್ರು."

ಅಂದರೆ, ನನಗೋಸ್ಕರ ಹೇಳಿದ ಸುಳ್ಳನ್ನು ನಿಜ ಮಾಡುವ ಹೊರೆಯನ್ನೂ ಈ ಐವರು ಹೊತ್ತುಕೊಂಡುಬಿಟ್ಟಿದ್ದಾರೆ. ಕ್ಯಾನು, ಬುಟ್ಟಿಗಳ ಜೊತೆಗೆ. ಅವರನ್ನು ನೋಡಿ ಉಳಿದವರೂ. ಹೋಗಲಿ, ಕಾಫಿಗಾದರೂ ಬಾ ಅಂದೆ. "ಇಷ್ಟು ದೂರ ಸುತ್ಕೊಂಡು ಓಗ್ಬೇಕಲ್ಲಕ್ಕ, ರೈಲು ಬುಡ್ತದೆ" ಅಂದವಳು ನಡೆದೇ ಬಿಟ್ಟಳು. ಏರಿ ಮೇಲೆ ನಾನೊಬ್ಬಳೇ ಉಳಿದೆ.

ಅಲ್ಲಿಂದ ಸೀದಾ ಆಫೀಸಿಗೆ ಹೋದೆ. ಪರ್ಮಿಷನ್ ಸೀಲ್ ಬಿದ್ದು ರೆಡಿಯಾಗಿತ್ತು. ಬೇಡ, ಕ್ಯಾನ್ಸಲ್ ಮಾಡಿ, ಅಲ್ಲಿ ದಾರಿ ಇದೆ ಅಂತ ಬರ್ಕೊಳ್ಳಿ ಅಂದೆ. ಗುಮಾಸ್ತರು ಕನ್ನಡಕ ತೆಗೆದರು. ದಾರಿ ಇದೆ ಅಂದರೆ ಪಂಚರು ಸುಳ್ಳು ಸಾಕ್ಷಿ ಹೇಳಿದ ಹಾಗಾಯಿತು, ಅವರನ್ನು ಕರೆಸಿ ವಿಚಾರಿಸಬೇಕಾಗುತ್ತೆ ಅಂದರು. ನನ್ನ ಕಾಫಿ ಕುಡಿದು ಹೆಬ್ಬೆಟ್ಟು ಒತ್ತಿದವರನ್ನು ನಾನೇ ಸಿಕ್ಕಿಸಿಹಾಕಲಾ? ಆ ಮಾತು ಅಲ್ಲಿಗೇ ಬಿಟ್ಟು ಬೆಂಚಿನ ಮೇಲೆ ಕೂತೆ.

ಕೂತವಳಿಗೆ ಹೊಳೆಯಿತು. ದಾರಿ ಇಲ್ಲದಿದ್ದರೆ ಬೇಡ. ಮನೆಗೆ ನೆಂಟರು ಬರಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ? ನೆಂಟರು ಹಿಂದಿನ ಗೇಟಿನಿಂದ ಬಂದು, ಕಾಫಿ ಆಯ್ತಾ ಅಂತ ಕೇಳಿ, ಮುಂದಿನ ಗೇಟಿನಿಂದ ಸ್ಟೇಷನ್ ಕಡೆ ಹೊರಟರೆ ಯಾರ ಹೆಬ್ಬೆಟ್ಟು ಸುಳ್ಳಾಗುತ್ತೆ? ಎದ್ದು ಹೋಗಿ, ಬೇಲಿ ಹಾಕ್ತೀನಿ, ಆದರೆ ಎರಡು ಗೇಟ್ ಬೇಕು ಅಂದೆ. ಪ್ಲಾನಿನಲ್ಲಿ ಒಂದೇ ಇರುವುದು, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಅಂತ ಹೊಸ ಕಾಗದ ಮುಂದೆ ತಳ್ಳಿದರು. ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರು. ಒಬ್ಬಳೇ ಅಂದೆ.

"ಒಬ್ಬರಿಗೆ ಎರಡು ಗೇಟ್ ಯಾಕಮ್ಮ?"

ಪಾಪ, ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಕಾಗದ ಮನೆಗೆ ತಂದಿದ್ದೇನೆ. ಗೇಟ್ ಇಟ್ಟರೆ ವೆಂಕಟಮ್ಮ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಕಿಟಕಿ ಕೆಳಗಿನ ದಾರಿಯಲ್ಲಿ ಆಗಲೇ ಗರಿಕೆ ಹಬ್ಬುತ್ತಿದೆ. ಅರ್ಜಿಯಲ್ಲಿ ಕಾರಣ ಅಂತ ಬರೆದು, ಅದರ ಮುಂದೆ ಅರ್ಧ ಸಾಲಿನಷ್ಟು ಜಾಗ ಬಿಟ್ಟಿದ್ದಾರೆ.

ಒಬ್ಬಳೇ ಇರುವುದರಿಂದ ಅಂತ ಬರೆದರೆ ಪಾಸ್ ಆಗುತ್ತಾ?