ನಿಂಬೆ ಎಲೆ ಒರೆಸಿದ ಮಾಸ್ತರ

ನಿಜಾಮರ ಕಾಲದಲ್ಲಿ ನಾನು ಕೊಪ್ಪಳದ ಸಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಪಾಠಕ್ಕಿಂತ ಗಿಡಗಳ ಮೇಲೆ ನನಗೆ ಉತ್ಸಾಹ ಹೆಚ್ಚು. ತಿಳಿವಳಿಕೆ ಮಾತ್ರ ಎರಡರಲ್ಲೂ ಅಷ್ಟಕ್ಕಷ್ಟೇ.

ಬಾಡಿಗೆ ಮನೆಯ ಹಿತ್ತಲಲ್ಲಿ ನಿಂಬೆ, ಪೇರಲ, ಕರಿಬೇವು ಹಚ್ಚಿದ್ದೆ. ಸುತ್ತಲೂ ಚೆಂಡುಹೂ, ದಾಸವಾಳ. ಆ ಬಿಸಿಲಿನಲ್ಲಿ ಬಾವಿಯಿಂದ ನೀರು ತಂದು ಹಾಕುವ ಕೆಲಸ ಹೆಂಡತಿಯದು, ಹೊಗಳಿಸಿಕೊಳ್ಳುವ ಕೆಲಸ ನನ್ನದು. ಹೂಗಳಿಗೆ ಒಂದೆರಡು ಚಿಟ್ಟೆ ಬಂದದ್ದೇ ತಡ, ನಾನು ಹೆಡ್‌ಮಾಸ್ತರರಿಗೆ, "ಒಂದು ತಿಂಗಳ ಬಿಟ್ಟು ನಮ್ಮ ಹಿತ್ತಲಕ ಬರ್ರಿ ಸಾಹೇಬ್ರ, ಪಾತರಗಿತ್ತಿ ಹಿಂಡ ತೋರಸ್ತೀನಿ" ಎಂದುಬಿಟ್ಟೆ. ಅವರು ಬರುವುದಾಗಿ ಒಪ್ಪಿಯೂಬಿಟ್ಟರು.

ಅಂದಿನಿಂದ ಹಿತ್ತಲನ್ನು ಚೊಕ್ಕ ಮಾಡುವ ಹುಚ್ಚು ಹಿಡಿಯಿತು. ನಿಂಬೆ ಎಲೆಗಳ ಮೇಲೆ ಅಲ್ಲಲ್ಲಿ ಕಪ್ಪುಬಿಳಿ ಹಿಕ್ಕೆ ಕಾಣಿಸಿತು. ಗುಬ್ಬಿಗಳಿಗೆ ಬೈಯುತ್ತ, ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸಿದೆ. ಕರಿಬೇವಿನಲ್ಲಿ ಹಸಿರು ಹುಳುಗಳು ಎಲೆ ತಿನ್ನುತ್ತಿದ್ದವು. ತಂಬಾಕು ನೆನೆಸಿದ ನೀರು ಚಿಮುಕಿಸಿ ಅವನ್ನೂ ಮುಗಿಸಿದೆ.

ಒಂದು ಶುಕ್ರವಾರ, ರಜೆಯ ದಿನ, ಹೆಡ್‌ಮಾಸ್ತರರು ಶೇರವಾನಿ ತೊಟ್ಟು ಬಂದರು. ಕುರ್ಚಿ ಹಾಕಿ ಕೂಡಿಸಿದೆ. ಒಂದು ತಾಸಾಯಿತು. ಒಂದೇ ಒಂದು ಚಿಟ್ಟೆ ಸುಳಿಯಲಿಲ್ಲ. ಅವರು ಚಹಾದ ಕಪ್ಪಿನ ಮೇಲೆ ಕೈಯಾಡಿಸುತ್ತ, "ಮಾಸ್ತರ, ನೊಣಾ ಭಾಳ ಛಲೋ ಬೆಳಸೀರಿ" ಎಂದು ಎದ್ದು ಹೋದರು.

ಅದಾದ ವಾರಕ್ಕೆ ಮರಳಿ ಎಂಬ ಊರಿನಿಂದ ನಮ್ಮ ಅತ್ತೆ ಬಂದರು. ಅಳಿಯನೊಂದಿಗೆ ನೇರವಾಗಿ ಮಾತಾಡುವ ರೂಢಿ ಅವರಿಗಿರಲಿಲ್ಲ. ಏನಿದ್ದರೂ ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳುವರು. ಮರುದಿನ ನಾನು ಎಲೆ ಒರೆಸುತ್ತಿದ್ದಾಗ ಅವರ ದನಿ ಕೇಳಿತು.

"ಅಳಿಯಂದ್ರಿಗೆ ಕೇಳವಾ, ಹಕ್ಕಿ ಹಿಕ್ಕಿ ನಡದಾಡತೈತೇನು ಅಂತ."

ಬಟ್ಟೆ ಹಿಡಿದ ಕೈ ನಿಂತಿತು. ಬಗ್ಗಿ ನೋಡಿದೆ. ಹಿಕ್ಕೆ ನಿಧಾನವಾಗಿ ಎಲೆಯ ಅಂಚಿಗೆ ತೆವಳಿ, ಅಲ್ಲಿಂದ ಎಲೆ ಕಡಿಯತೊಡಗಿತು.

"ಅದು ಪಾತರಗಿತ್ತಿ ಮರಿ ಐತಿ. ದೊಡ್ಡದಾದ್ರ ಹಸರ ಆಗತೈತಿ," ಎಂದರು ಅತ್ತೆ.

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ತಾಯಂದ್ರನ್ನ ಕರದು ಮಕ್ಕಳನ್ನ ಕೊಂದ್ರೆಲ್ಲ!" ಎಂದಳು. ತಂಬಾಕಿನ ನೀರಿನ ಮಾತು ತೆಗೆಯುವ ಧೈರ್ಯ ನನಗಾಗಲಿಲ್ಲ.

ಅತ್ತೆ ಆ ಹುಳುವನ್ನು ಟೊಂಗೆಸಮೇತ ಮುರಿದು, ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿಯ ಕೆಳಗಿಟ್ಟರು. ದಿನಾ ಹೊಸ ಎಲೆ ಹಾಕಿದರು. ಅದು ಹಸಿರಾಗಿ ಬೆರಳುದ್ದ ಬೆಳೆದು, ಕಡೆಗೆ ಕಡ್ಡಿಗೆ ಅಂಟಿಕೊಂಡು ಗೂಡಾಯಿತು. ನಾನು ಸಾಲೆಗೆ ಹೋಗುವಾಗೊಮ್ಮೆ, ಬಂದಾಗೊಮ್ಮೆ ಬುಟ್ಟಿ ಎತ್ತಿ ನೋಡುತ್ತಿದ್ದೆ. "ರೊಟ್ಟಿ ಬುಟ್ಟಿನೂ ಹಿಂಗ ಎತ್ತಿ ನೋಡಾಂಗಿಲ್ಲ ಇವರು," ಎಂದಳು ಹೆಂಡತಿ.

ಒಂದು ಮುಂಜಾನೆ ಬುಟ್ಟಿ ಎತ್ತಿದಾಗ ಗೂಡು ಬಿರಿಯುತ್ತಿತ್ತು. ಮುದುಡಿದ ಒದ್ದೆ ರೆಕ್ಕೆಗಳ ಜೀವವೊಂದು ಹೊರಬಂದು, ಸ್ವಲ್ಪ ಹೊತ್ತು ತೂಗಾಡಿ, ಕಪ್ಪುಹಳದಿ ರೆಕ್ಕೆ ಬಿಡಿಸಿತು. ಸಾಲೆಯ ಗಂಟೆ ಬಾರಿಸಿದ್ದು ನನಗೆ ಕೇಳಿಸಲೇ ಇಲ್ಲ. ಅದು ಕಿಟಕಿಯಿಂದ ಹಾರಿಹೋದಾಗ ಅತ್ತೆ ಮೊದಲ ಸಲ ನನ್ನ ಮುಖ ನೋಡಿ, "ಹೋತು ನೋಡ್ರಿ," ಎಂದರು.

ಒದ್ದೆ ಬಟ್ಟೆ, ತಂಬಾಕಿನ ನೀರು ಎರಡನ್ನೂ ನಾನು ಬಿಟ್ಟುಬಿಟ್ಟೆ. ಆ ವರ್ಷ ನಿಂಬೆ ಗಿಡದಲ್ಲಿ ಎಲೆಗಿಂತ ಕಡ್ಡಿಯೇ ಹೆಚ್ಚಿತ್ತು. ಒಗ್ಗರಣೆಯ ಕರಿಬೇವನ್ನು ಹೆಂಡತಿ ಪಕ್ಕದ ಮನೆಯಿಂದ ತರುತ್ತಿದ್ದಳು.