ಕಂಠೆಪ್ಪನ ಜಾಲಿ ಮಶೀನು ಕಾಣಕೋಣಕ್ಕೆ ನಡೆದದ್ದು

ಕುಂಕಳ್ಳಿಯ ಪೇಟೆಯಲ್ಲಿ ನಮ್ಮ ಹಾರ್ಡ್‌ವೇರ್ ಅಂಗಡಿಗೂ ಕಂಠೆಪ್ಪನ ಬಡಿಗತನದ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತಗಡಿನದು. ಅವನ ಮನೆಯ ಸುದ್ದಿಯೆಲ್ಲ ನನಗೆ ಗೊತ್ತಿದ್ದರೆ ಅದು ನನ್ನ ಚಾಳಿಯಿಂದಲ್ಲ, ತಗಡಿನ ದೆಸೆಯಿಂದ. ಅಂಗಡಿ ಇಡಲೆಂದು ಧಾರವಾಡದಿಂದ ಘಟ್ಟ ಇಳಿದು, ಗಡಿ ದಾಟಿ ಬಂದವರು ನನ್ನ ಯಜಮಾನರು ದಾನಪ್ಪನವರು. ಈಗ ಗಲ್ಲೆಯ ಮುಂದೆ ಕೂತು ನಾನು ವ್ಯಾಪಾರ ಮಾಡುತ್ತೇನೆ, ಗಲ್ಲೆಯ ಹಿಂದೆ ಕೂತು ಅವರು ನಿದ್ದೆ ಮಾಡುತ್ತಾರೆ. ಸಂಸಾರ ಸುಖವಾಗಿ ನಡೆದಿದೆ.

ಕಂಠೆಪ್ಪ ಬದಾಮಿ ಕಡೆಯ ಬಡಿಗೇರ. ಚೌತಿಗೆ ಗಣಪತಿ ಕೂರಿಸಲು ಇಲ್ಲಿಯವರು ಮನೆಯಲ್ಲಿ ಮಖರ ಕಟ್ಟುತ್ತಾರಲ್ಲ, ಅದರ ಕಮಾನು, ಬಳ್ಳಿ, ನವಿಲುಗಳನ್ನೆಲ್ಲ ಪ್ಲೈವುಡ್ಡಿನಲ್ಲಿ ಕೊರೆದು ಕೊಡುವುದು ಅವನ ಕಸುಬು. ಅದಕ್ಕೊಂದು ಮಶೀನಿದೆ. ದಾರದಷ್ಟು ಸಣ್ಣ ಗರಗಸದ ಅಲಗು ಹೊಲಿಗೆ ಮಶೀನಿನ ಸೂಜಿಯ ಹಾಗೆ ಮೇಲೆ ಕೆಳಗೆ ಕುಣಿಯುತ್ತದೆ. ಹಲಗೆಯನ್ನು ತಿರುಗಿಸಿದ ಹಾಗೆ ಬಳ್ಳಿ ಹರಿಯುತ್ತದೆ. ಎಲ್ಲರೂ ಅದನ್ನು ಜಾಲಿ ಮಶೀನು ಎನ್ನುತ್ತಾರೆ. ಕಂಠೆಪ್ಪ ಮಾತ್ರ ‘ಹುಡುಗಿ’ ಎನ್ನುತ್ತಾನೆ.

ಅನ್ನ ಹಾಕಿದ ಹತಾರವನ್ನು ಗುಜರಿಗೆ ಹಾಕಬಾರದು, ಮಾರಲೂ ಬಾರದು, ಸವೆದ ಮೇಲೆ ದುಡಿಯುವವರ ಕೈಗೆ ದಾಟಿಸಬೇಕು ಎಂದು ಅವನ ಅಪ್ಪ ಹೇಳಿದ್ದನಂತೆ. ಒಳ್ಳೆಯ ಮಾತು, ನಾನು ಬೇಡ ಅನ್ನುವುದಿಲ್ಲ. ಆದರೆ ಕಂಠೆಪ್ಪ ಅದಕ್ಕೆ ತನ್ನದೂ ಒಂದು ಶಾಸ್ತ್ರ ಸೇರಿಸಿಬಿಟ್ಟ. ಅವನ ಮೊದಲನೇ ಮಶೀನು ಸವೆದಾಗ ಸಾಂಖಳಿಯಲ್ಲಿ ಆಟಿಕೆ ಮಾಡುವ ದೀಪಕನಿಗೆ ಕೊಟ್ಟ. ಸುಮ್ಮನೆ ಕೊಡಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಹೆಂಡತಿ ಸುಂದರವ್ವನ ಕೈಯಿಂದ ಅದಕ್ಕೆ ಉಡಿ ತುಂಬಿಸಿದ. ಕಬ್ಬಿಣದ ಮೇಜಿನ ಮೇಲೆ ಅಕ್ಕಿ, ತೆಂಗಿನಕಾಯಿ, ಅರಿಷಿಣ ಬೇರು, ಕುಬಸದ ಖಣ. ಟೆಂಪೋ ಹೊರಟಾಗ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಅಷ್ಟಕ್ಕೇ ಮುಗಿಯಲಿಲ್ಲ. ಪ್ರತಿ ವರ್ಷ ನಾಗರ ಪಂಚಮಿಗೆ ಹೊಸ ಅಲಗು, ಎಣ್ಣೆ ಡಬ್ಬಿ ಹಿಡಿದು ‘ಹುಡುಗಿನ್ನ ಮಾತಾಡಿಸಿ ಬರ್ತೇನಿ’ ಎಂದು ಬಸ್ಸು ಹತ್ತುತ್ತಾನೆ. ದೀಪಕನ ಮನೆಯವರು ಮೊದಲ ವರ್ಷ ಹೆದರಿದರು. ಎರಡನೇ ವರ್ಷದಿಂದ ಅರಿಷಿಣ ಎಲೆಯಲ್ಲಿ ಪಾತೋಳಿ ಕಡುಬು ಮಾಡಿ ಬೀಗರಿಗೆ ಬಡಿಸಿದ ಹಾಗೆ ಬಡಿಸುತ್ತಾರೆ. ಉಂಡು ಎದ್ದವನು ಮಶೀನಿನ ಮುಂದೆ ಕೂತು, ಅಲಗು ಯಾಕೆ ಇಷ್ಟು ಸಡಿಲ ಬಿಟ್ಟಿದ್ದೀರಿ ಎಂದು ಅವರನ್ನೇ ಗದರಿಸಿ ಬರುತ್ತಾನೆ.

ಇದನ್ನೆಲ್ಲ ನಾನು ನಕ್ಕು ಬಿಡುತ್ತಿದ್ದೆ. ನಗು ಬಾರದ ಸಂಗತಿ ಒಂದಿದೆ. ಈ ಪುಣ್ಯಾತ್ಮ ಕುಂಕಳ್ಳಿಗೆ ಬಂದಾಗಿನಿಂದ ಕಟ್ಟಿಕೊಂಡ ಹೆಂಡತಿಯನ್ನು ಒಂದು ಪಂಚಮಿಗೂ ತವರಿಗೆ ಕಳಿಸಿಲ್ಲ.

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ಕರೆದೊಯ್ಯಬೇಕು, ಶೇಂಗಾದ ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ಆದರೆ ಪಂಚಮಿಯ ಹಿಂದೆಯೇ ಚೌತಿ. ಕಂಠೆಪ್ಪ ಕೊರೆದದ್ದನ್ನೆಲ್ಲ ಪಾಲಿಶ್ ಕಾಗದದಿಂದ ತಿಕ್ಕಿ ಬಣ್ಣ ಹಚ್ಚುವವಳು ಸುಂದರವ್ವ. ಅವಳು ಹೋದರೆ ಮಖರ ಹೋದವು. ಅವಳ ಅಣ್ಣ ಭೀಮಶಿ ಮೊದಮೊದಲು ಕೆರೂರಿನಿಂದ ಅಷ್ಟು ದೂರ ಕರೆಯಲು ಬರುತ್ತಿದ್ದ. ಪಾಪ, ಬರಿಗೈಯಲ್ಲಿ ಕಳಿಸಬಾರದೆಂದು ಕಂಠೆಪ್ಪ ಪ್ರತಿ ಸಲ ಅವನಿಗೆ ಜಾಲಿ ಕೊರೆದ ಟವೆಲ್ ಸ್ಟ್ಯಾಂಡ್ ಕೊಟ್ಟು ಕಳಿಸುತ್ತಿದ್ದ. ತಂಗಿಯನ್ನು ಕರೆಯಲು ಬಂದವನು ಟವೆಲ್ ಸ್ಟ್ಯಾಂಡ್ ಹೊತ್ತುಕೊಂಡು ಹೋಗುವುದನ್ನು ಎಷ್ಟು ವರ್ಷ ಮಾಡಿಯಾನು? ಮನೆಯಲ್ಲಿ ಟವೆಲ್ಲಿಗಿಂತ ಸ್ಟ್ಯಾಂಡು ಹೆಚ್ಚಾದ ಮೇಲೆ ಬರುವುದನ್ನೇ ಬಿಟ್ಟ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇಂಥವರನ್ನು ನೋಡಿಯೇ.

ಈ ವರ್ಷ ಎರಡನೇ ಮಶೀನಿಗೆ ನಡುಕ ಶುರುವಾಯಿತು. ನವಿಲು ಕೊರೆಯಲು ಹೋದರೆ ಕೋಳಿ ಬರತೊಡಗಿತು. ಗಿರಾಕಿಯೊಬ್ಬ ಗಣಪತಿಯ ಮುಂದೆ ಕೋಳಿ ಹೇಗೆ ನಿಲ್ಲಿಸಲಿ ಎಂದು ಜಗಳಕ್ಕೆ ನಿಂತ. ಆಗ ಸುಂದರವ್ವ ಒಂದು ಕರಾರು ಮಾಡಿದಳು: ಹೊಸ ಮಶೀನು ತರುವುದು, ಕೆಲಸ ಬೇಗ ಮುಗಿಸುವುದು, ಪಂಚಮಿಗೆ ತಾನು ಕೆರೂರಿಗೆ ಹೋಗುವುದು. ಈ ಸಲ ಅವಳ ಅಕ್ಕತಂಗಿಯರೆಲ್ಲ ಕೂಡುವವರಿದ್ದರು. ಕಂಠೆಪ್ಪ ಹೂಂ ಎಂದ. ನಮ್ಮ ಅಂಗಡಿಯ ಮೂಲಕವೇ ಹೊಸ ಮಶೀನು ತರಿಸಿದೆವು.

ಬಂತು. ಬಂದು ನನ್ನ ಅಂಗಡಿಯಲ್ಲೇ ಕೂತಿತು. ಯಾಕೆಂದರೆ ಹಳೆಯದು ಶೆಡ್ಡಿನಿಂದ ಹೊರಡದೆ ಹೊಸದಕ್ಕೆ ಜಾಗವಿಲ್ಲ, ಮತ್ತು ಒಳ್ಳೆಯ ಮನೆ ಸಿಗದೆ ಹಳೆಯದು ಹೊರಡುವುದಿಲ್ಲ. ಬಣ್ಣದ ಡಬ್ಬಿಗಳ ಮುಂದೆ ಮಶೀನು ತುಂಬಿದ ರಟ್ಟಿನ ಖೋಕೆ ಕೂತು, ಬಂದವರೆಲ್ಲ ಅದಕ್ಕೆ ಎಡವಿದರು. ದಾನಪ್ಪನವರು ಅದರ ಮೇಲೆ ಚಹಾದ ಕಪ್ಪು ಇಟ್ಟುಕೊಳ್ಳುತ್ತಿದ್ದರು. ಶೆಡ್ಡಿನಲ್ಲಿ ಹಳೆಯ ಮಶೀನು ಕೋಳಿ ಕೊರೆಯುತ್ತಲೇ ಇತ್ತು, ಕೆಲಸ ಹಿಂದೆ ಬೀಳುತ್ತಲೇ ಇತ್ತು.

ಹಳೆಯದನ್ನು ಕೇಳಿಕೊಂಡು ಬಂದವರು ಇರಲಿಲ್ಲವೇ ಎಂದರೆ, ಇದ್ದರು. ಮಡಗಾಂವಿನಿಂದ ಬಿಲಾಲ ಬಂದ. ಒಳ್ಳೆಯ ಫರ್ನಿಚರ್ ಮಿಸ್ತ್ರಿ. ಬಿಚ್ಚಿ ಮೋಟರು, ಸ್ಪ್ರಿಂಗು ಬೇರೆ ಕಡೆ ಹಾಕಿಕೊಳ್ಳುತ್ತೇನೆ ಅಂದ. ಕಂಠೆಪ್ಪ ಅವನ ಕೈಯಿಂದ ಅರ್ಧ ಕುಡಿದ ಚಹಾದ ಕಪ್ಪನ್ನೇ ಕಸಿದುಕೊಂಡ. ಸಮುದ್ರದ ದಂಡೆಯ ಹೊಟೇಲಿನವನೊಬ್ಬ ಬಂದು, ಇದರ ನೆತ್ತಿಗೆ ದೀಪ ಸಿಕ್ಕಿಸಿ ಬಾಗಿಲಲ್ಲಿ ನಿಲ್ಲಿಸಿದರೆ ಪ್ರವಾಸಿಗಳು ಫೋಟೋ ತೆಗೆದುಕೊಳ್ಳುತ್ತಾರೆ ಅಂದ. ದುಡಿಯುವ ಹುಡುಗಿಯನ್ನು ನೋಡುವವರ ಮುಂದೆ ನಿಲ್ಲಿಸುತ್ತೀಯಾ ಎಂದು ಕಂಠೆಪ್ಪ ಉಳಿ ಹಿಡಿದೇ ಅವನ ಮೇಲೆ ಎದ್ದ. ಇನ್ನೊಬ್ಬ ಎಲ್ಲದರಲ್ಲೂ ಒಪ್ಪುವಂತಿದ್ದ. ಕಂಠೆಪ್ಪ ಸ್ವತಃ ಅವನ ಮನೆ ನೋಡಲು ಹೋಗಿ, ಚೌಕಟ್ಟಿಗೆ ಗೆದ್ದಲು ಹಿಡಿದಿದೆ, ಮನೆತನ ಸರಿಯಿಲ್ಲ ಎಂದು ತಿರುಗಿ ಬಂದ. ನನ್ನ ಮದುವೆಗೆ ನನ್ನ ಅಪ್ಪ ಇದರ ಅರ್ಧದಷ್ಟು ವಿಚಾರ ಮಾಡಿದ್ದರೆ ನಾನಿಂದು ಎಲ್ಲಿರುತ್ತಿದ್ದೆನೋ. ಗಲ್ಲೆಯ ಹಿಂದಿನವರು ಇದನ್ನು ಕೇಳಿಸಿಕೊಂಡಿಲ್ಲ, ಮಲಗಿದ್ದಾರೆ.

ಪಂಚಮಿ ಸಮೀಪ ಬಂತು. ತವರಿಗೆ ಒಯ್ಯಲೆಂದು ಸುಂದರವ್ವ ಉಂಡಿ ಕಟ್ಟಿ ಡಬ್ಬಿ ತುಂಬಿದ್ದಳು. ಕಂಠೆಪ್ಪ ಬೆಲ್ಲ ಸಾಕಾಗಿದೆಯೋ ಇಲ್ಲವೋ ಎಂದು ದಿನಾ ಒಂದೊಂದು ತಿಂದು ನೋಡಿ ಡಬ್ಬಿಯ ತಳ ಕಾಣಿಸಿದ. ಆ ಸಂಜೆ ಅವಳು ಪಾಲಿಶ್ ಕಾಗದ ಕೊಳ್ಳಲು ನನ್ನ ಅಂಗಡಿಗೆ ಬಂದಳು. ಕೊಂಡ ಮೇಲೂ ಹೋಗದೆ ಖೋಕೆಯನ್ನು ನೋಡುತ್ತ ನಿಂತಳು.

“ಆ ಮಶೀನಿಗೆ ಮನಿ ಸಿಗೂತನಕ ನನಗ ತವರಮನಿ ಇಲ್ಲ ಕಾಶಮ್ಮಾರ” ಅಂದಳು.

ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸುತ್ತಿದ್ದೆ. ಅಳದೆ ಹೇಳಿದ್ದಕ್ಕೆ ಕೈಕಟ್ಟಿ ಕೂರಲಾಗಲಿಲ್ಲ. ಅವಳು ಹೋದ ಕೂಡಲೇ ಮಾಶಾಬಿಗೆ ಫೋನು ಹಚ್ಚಿದೆ.

ಮಾಶಾಬಿ ಕಾಣಕೋಣದಲ್ಲಿರುವ ಸವಣೂರಿನ ಹುಡುಗಿ. ದಂಡೆಯ ಅಂಗಡಿಗಳಿಗೆ ಮರದ ಮೀನು, ಆಮೆ, ಹೆಸರಿನ ಹಲಗೆ ಕೊರೆದು ಕೊಡುತ್ತಾಳೆ, ಎಲ್ಲ ಕೈಗರಗಸದಲ್ಲೇ. ಮೊಳೆ, ಕೊಕ್ಕೆ ನಮ್ಮಲ್ಲೇ ಒಯ್ಯುತ್ತಾಳೆ. ಅವಳಿಗೆ ಎಲ್ಲ ತಿಳಿಸಿ, ಮಶೀನು ಒಯ್ಯಲು ಬಂದವಳ ಹಾಗೆ ಬರಬೇಡ, ಕನ್ಯೆ ನೋಡಲು ಬಂದವಳ ಹಾಗೆ ಬಾ ಎಂದೆ. ಆಕೆ ಪುಣ್ಯಕ್ಕೆ ನಗಲಿಲ್ಲ.

ಮರುದಿನ ಮಳೆಯಲ್ಲೇ ತಾಡಪತ್ರಿ ಹೊದಿಸಿದ ಟೆಂಪೋ ತಂದಳು. ಕೈಯಲ್ಲಿ ಬಾಳೆಹಣ್ಣು, ಹೂವು. ಕಂಠೆಪ್ಪ ಗಡಬಡಿಸಿ ಟವೆಲ್ಲಿನಿಂದ ಮಶೀನಿನ ಮೈ ಒರೆಸಿದ. ಮಾಶಾಬಿ ಸ್ಟೂಲಿನ ಮೇಲೆ ಕೂತು, ಒಂದಿಷ್ಟು ನಡೆಸಿ ತೋರಿಸಿರಿ ಅಂದಳು. ಸ್ವಿಚ್ಚು ಹಾಕಿದ್ದೇ ತಡ, ಮಶೀನು ಕಿರುಚಿ, ನಡುಗಿ, ಜಾಗ ಬಿಟ್ಟು ಗೇಣುದ್ದ ಮುಂದೆ ಬಂತು. ಕಂಠೆಪ್ಪನ ಮುಖ ಸಣ್ಣದಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಮುಂದೆ ಬಂದು, ಬಾಯಿ ಸ್ವಲ್ಪ ಜೋರು, ಗುಣ ಬಂಗಾರ ಎಂದೆ. ಮಾಶಾಬಿ ಮಶೀನಿನ ಕಾಲಡಿ ಒಂದು ರಬ್ಬರಿನ ತುಂಡು ಸಿಕ್ಕಿಸಿ, ಅಲಗು ಬಿಗಿ ಮಾಡಿ, ಹಲಗೆ ಇಟ್ಟು ಒಂದು ಮೀನು ಕೊರೆದಳು. ಮೀನಿಗೆ ಎರಡು ಬಾಲ ಬಂದವು. ದಂಡೆಯಲ್ಲಿ ಇಂಥವೇ ಜಾಸ್ತಿ ಖರ್ಚಾಗುತ್ತವೆ ಅಂದಳು.

ಕಂಠೆಪ್ಪ ಇನ್ನೂ ಬಗ್ಗಲಿಲ್ಲ. ಮನೆ ಸೋರುತ್ತದೆಯೇ, ಎಲ್ಲಿ ಇಡುತ್ತೀ ಎಂದು ಕೇಳಿದ.

“ಮನ್ಯಾಗ ಒಣಾ ಜಾಗಾ ಒಂದ ಐತಿ ಕಾಕಾ, ನಾ ಕುಂಡ್ರೂದು. ಅಲ್ಲೇ ಇಕಿನ್ನ ಕುಂಡ್ರಸ್ತೇನಿ. ನಾ ಈಚಿಗಿ ಸರೀತೇನಿ.”

ಕಂಠೆಪ್ಪ ಕರಗಿದ. ಸುಂದರವ್ವ, ಉಡಿ ಅಕ್ಕಿ ತಾ ಅಂದ. ಅವಳು ಮೊರದಲ್ಲಿ ಎಲ್ಲ ಹಿಡಿದು ತಂದಳು. ಅವಳು ಮಶೀನಿನ ಮೇಜಿಗೆ ಖಣ ಹಾಸುತ್ತಿದ್ದಾಗ ಇವನು ಮಾಶಾಬಿಗೆ ಹೆಣ್ಣು ಕೊಟ್ಟವರ ಬುದ್ಧಿಮಾತು ಶುರುಮಾಡಿದ. ಎಣ್ಣೆ ತಪ್ಪಿಸಬೇಡ, ದಪ್ಪ ಹಲಗೆ ಹಾಕಿ ದಣಿಸಬೇಡ. ಕೊನೆಗೆ ಹೇಳಿದ್ದನ್ನು ಮಾತ್ರ ನಾನು ಸಾಯುವವರೆಗೆ ಮರೆಯುವುದಿಲ್ಲ.

“ಪಂಚಮಿ ದಿನಾ ಮಾತ್ರ ದುಡಸಬ್ಯಾಡವಾ. ನಾ ಬರ್ತೇನಿ. ಹೆಣ್ಣಮಕ್ಕಳು ವರ್ಷಪೂರ್ತಿ ದುಡೀತಾವು. ಅವತ್ತೊಂದ ದಿನಾರ ತವರವರ ಮುಖಾ ನೋಡಬೇಕಲ್ಲ.”

ತಗಡಿನ ಆಚೆ ದಾನಪ್ಪನವರ ಗೊರಕೆಯೇ ನಿಂತಿತು. ಸುಂದರವ್ವನ ಕೈಯಲ್ಲಿ ಬೊಗಸೆ ಅಕ್ಕಿ ಇತ್ತು. ಅದನ್ನು ಮಶೀನಿನ ಮೇಲೆ ಹಾಕಿದಳು, ಕಾಯಿ ಇಟ್ಟಳು, ಮೊರ ಕೆಳಗಿಟ್ಟಳು. ಒಳಗೆ ಹೋಗಿ ಚೀಲ ಹಿಡಿದು ಬಂದಳು. ಆ ಚೀಲ ಯಾವಾಗ ಕಟ್ಟಿದ್ದಳೋ ನನಗೂ ಗೊತ್ತಿರಲಿಲ್ಲ. ನೇರ ನನ್ನ ಮುಂದೆ ಬಂದು ಸೆರಗು ಒಡ್ಡಿದಳು. ಮೊರದಲ್ಲಿ ಉಳಿದ ಅಕ್ಕಿಯಿಂದ ನಾನೇ ಅವಳ ಉಡಿ ತುಂಬಿದೆ.

ಮಶೀನನ್ನು ಟೆಂಪೋಕ್ಕೆ ಏರಿಸಿದ ಮೇಲೆ ಸುಂದರವ್ವ ಅದರ ಪಕ್ಕದಲ್ಲಿ ತಾಡಪತ್ರಿಯ ಕೆಳಗೆ ಹತ್ತಿ ಕೂತಳು. ಕಾಣಕೋಣದಿಂದ ಕಾರವಾರ, ಕಾರವಾರದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಕೆರೂರು. ದಾರಿ ಅವಳಿಗೆ ಬಾಯಿಪಾಠ. ಕಂಠೆಪ್ಪ ಮಳೆಯಲ್ಲಿ ನಿಂತು, ಮಖರದ ಪಾಲಿಶ್ ಯಾರು ಮಾಡಬೇಕು ಎಂದು ಕೇಳಿದ. ಅಷ್ಟೇ ಹೊಳೆಯಿತು ಅವನಿಗೆ.

“ಹೊಸಾ ಹುಡುಗಿ ಬಂದಾಳಲ್ರಿ, ಅಕಿಗೆ ಕೇಳ್ರಿ” ಅಂದಳು. ಆಮೇಲೆ ದನಿ ತಗ್ಗಿಸಿ, “ಇಕಿನ್ನ ಮಾತಾಡಸಾಕ ಪಂಚಮಿಗಿ ಕಾಣಕೋಣಕ್ಕ ಬರವ್ರು ನೀವು. ಅಲ್ಲಿಂದ ಕೆರೂರು ಭಾಳ ದೂರ ಇಲ್ರಿ.”

ಅಲ್ಲಿಂದ ಕೆರೂರು ಒಂದಿಡೀ ದಿನದ ದಾರಿ. ಯಾರೂ ಅವಳನ್ನು ತಿದ್ದಲಿಲ್ಲ. ಟೆಂಪೋ ಹೋಯಿತು.

ಕಂಠೆಪ್ಪ ಖೋಕೆಯನ್ನು ಶೆಡ್ಡಿಗೆ ಎಳೆದುಕೊಂಡು ಹೋದ, ಬಿಚ್ಚಲಿಲ್ಲ. ತಾನೇ ಪಾಲಿಶ್ ಹಚ್ಚಲು ಕೂತು ಒಂದು ಮಖರದ ಕಂಬಕ್ಕೆ ತನ್ನ ಅಂಗಿಯ ತೋಳನ್ನು ಅಂಟಿಸಿಕೊಂಡ. ರೊಟ್ಟಿ ಬಡಿಯುವ ಸಪ್ಪಳವಿಲ್ಲದೆ ತಗಡಿನ ಆಚೆ ಬಿಕೋ ಎನ್ನುತ್ತಿತ್ತು. ಕೇಳಿ ಕೇಳಿ ನನಗೇ ಬೇಜಾರಾಯಿತು.

ಪಂಚಮಿಗೆ ಇನ್ನೂ ಒಂದೆರಡು ದಿನ ಇರುವಾಗಲೇ ಒಂದು ಮುಂಜಾನೆ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಗಲ್ಲೆಯ ಮುಂದೆ ಬಂದು ನಿಂತ. ಹೆಗಲಿಗೆ ಚೀಲ, ಎಣ್ಣೆ ಡಬ್ಬಿಯ ಮೂತಿ ಹೊರಗೆ ಕಾಣುತ್ತಿತ್ತು. ಸಾಂಖಳಿಗೋ ಕಾಣಕೋಣಕ್ಕೋ ಎಂದು ಕೇಳಿದೆ. ಕೆರೂರಿಗೆ ಎಂದ. ಹೋಗದೆ ನಿಂತೇ ಇದ್ದ. ಎಡಗಾಲು ಬಲಗಾಲು ಬದಲಿಸಿದ.

“ಅಕ್ಕಾರ, ಅಕಿಗೆ ಏನ್ ಸೇರತೈತ್ರಿ?”

ಯಾರಿಗೆ ಎಂದು ನಾನು ಕೇಳಲಿಲ್ಲ. ಸಾಂಖಳಿಯ ಮಶೀನಿಗೆ ಯಾವ ಎಣ್ಣೆ, ಯಾವ ನಂಬರಿನ ಅಲಗು ಎಂದು ಇವನು ನಿದ್ದೆಯಲ್ಲೂ ಹೇಳುತ್ತಾನೆ. ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು. ಉತ್ತರ ನನಗೆ ಗೊತ್ತಿತ್ತು. ಆದರೆ ಹೇಳಿದರೆ ಅದು ನನ್ನ ಉತ್ತರ ಆಗುತ್ತದೆ.

“ಹೋಗಿ ಅಕಿನ್ನ ಕೇಳ್ರಿ” ಎಂದೆ.

ಕಂಠೆಪ್ಪ ಹೆಗಲಿನ ಚೀಲ ಇಳಿಸಿದ. ಚೀಲದಿಂದ ಎಣ್ಣೆ ಡಬ್ಬಿ, ಅಲಗುಗಳ ಪೊಟ್ಟಣ ತೆಗೆದು ನನ್ನ ಗಲ್ಲೆಯ ಮೇಲಿಟ್ಟು, ಬರಿ ಚೀಲ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದ.