ಹಳಿ ಕಿತ್ತ ದಾರಿಗೆ ಹೆಸರು ಬಿತ್ತು

ಕೇಳ್ರಪ್ಪ, ನಮ್ಮ ಗುಬ್ಬಿಯಲ್ಲಿ ಮೀಟರ್ ಗೇಜ್ ಹಳಿ ಕಿತ್ತ ಜಾಗ ವಾಕಿಂಗ್ ದಾರಿಯಾಗಿದೆಯಲ್ಲ, ಅದಕ್ಕೆ ಇವತ್ತು ಬೆಳಿಗ್ಗೆ ಹೆಸರು ಬಿತ್ತು.

ರಿಟೈರ್ಡ್ ಮೇಷ್ಟ್ರು ರುದ್ರಪ್ಪನವರಿಗೆ ‘ಪ್ರಾತಃಸಂಚಾರ ಪಥ’ ಎಂದೇ ಆಗಬೇಕು. ಬಳೆ ಅಂಗಡಿ ಅನ್ವರ್ ಸಾಹೇಬರಿಗೆ ‘ಹಳಿ ಮೇಲೆ’ ಸಾಕು, ಜನ ಕರೆಯುವುದೇ ಹಾಗೆ. ದಿನಾ ಜೊತೆಯಲ್ಲಿ ನಡೆಯುತ್ತಿದ್ದ ಇಬ್ಬರೂ ನಾಲ್ಕು ದಿನದಿಂದ ಮಾತು ಬಿಟ್ಟಿದ್ದರು.

ಬೋರ್ಡ್ ಬರೆಯಲು ತುಮಕೂರಿನ ಶಿರಾ ಗೇಟ್ ಏರಿಯಾದಿಂದ ಪೇಂಟರ್ ಬಂದು ನಿಂತಿದ್ದ. ಮೇಷ್ಟ್ರು ಅವನಿಗೆ ‘ಪ್ರಾತಃ’ದ ಅರ್ಥ ಬಿಡಿಸಿ ಹೇಳುತ್ತಿರುವಾಗ ಅವರ ಮೊಬೈಲ್ ಹೊಡೆದುಕೊಂಡಿತು. ಹೆಂಡತಿಯ ಫೋನು.

“ಇನ್ನೆಲ್ಲಿಗೆ ಹೋಗ್ಲಿ? ಹಳಿ ಮೇಲೆ ಇದೀನಿ ಕಣೇ,” ಎಂದುಬಿಟ್ಟರು.

ಅಲ್ಲೇ ನಿಂತಿದ್ದ ಸಾಹೇಬರು ಮೆಲ್ಲಗೆ, “ಮೇಷ್ಟ್ರೇ, ಮನೇವ್ರಿಗೂ ಪಥ ಅಂತ್ಲೇ ಹೇಳ್ಬೋದಿತ್ತಲ್ಲ,” ಎಂದರು.

ಮೊದಲು ನಕ್ಕವರು ಮೇಷ್ಟ್ರೇ. ಸಾಹೇಬರ ಹೆಗಲಿಗೆ ಕೈ ಹಾಕಿ, “ಹಳಿ ಮೇಲೆ ಅಂತ್ಲೇ ಬರಿಯಪ್ಪ,” ಎಂದರು.

ಪೇಂಟರ್ ಅತ್ತಿತ್ತ ನೋಡಿದ. “ಇಲ್ಲಿ ಹಳಿನೇ ಇಲ್ವಲ್ಲ ಸಾರ್?”

ನಾಲ್ಕು ದಿನದ ಹಿಂದೆ ಇದೇ ಪ್ರಶ್ನೆ ಹಿಡಿದು ಜಗಳವಾಡಿದ್ದ ಮೇಷ್ಟ್ರು ಕೇಳಿದರು: “ನಿಮ್ ಶಿರಾ ಗೇಟಲ್ಲಿ ಗೇಟ್ ಐತೇನಯ್ಯ?”